ಗ್ರಾಸಿಯಾದ ಹಿತ್ತಿಲಲ್ಲಿ ಮಧ್ಯಾಹ್ನದೂಟ

ಬಾರ್ಸಿಲೋನಾ ಮೆಟ್ರೋದ ಮೂರನೇ ಮಾರ್ಗದಲ್ಲಿ ಫೊಂತಾನ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಗ್ರಾಸಿಯಾ. 1897ರವರೆಗೆ ಇದು ಬೇರೆಯೇ ಊರು. ಇಕ್ಕಟ್ಟಿನ ಓಣಿಗಳು, ತಗ್ಗು ಮನೆಗಳು ಇನ್ನೂ ಹಾಗೇ ಇವೆ. ಹಳೆಯ ಮನೆಗಳ ಹಿಂದೆ ಹಿತ್ತಿಲು. ಇಲ್ಲಿನ ಕ್ಯಾಟಲನ್ ಮಾತಿನಲ್ಲಿ ಅದು ‘ಅಶೀದ’. ಬೀದಿಯಿಂದ ಮಬ್ಬಾಗಿ ಕಾಣುವ ಹೋಟೆಲಿನಲ್ಲಿ ಅಡುಗೆಮನೆ ದಾಟಿ ಒಳಕ್ಕೆ ಹೋದರೆ ಕೆಲವೊಮ್ಮೆ ಇಂಥದೊಂದು ಹಿತ್ತಿಲು ಸಿಗುತ್ತದೆ: ನಾಲ್ಕಾರು ಮೇಜು, ಕುಂಡದಲ್ಲಿ ಗಿಡ, ಮೇಲೆ ಆಕಾಶ.

ಮೇಜು ಕಾಯ್ದಿರಿಸುವಾಗಲೇ ಹಿತ್ತಿಲಲ್ಲಿ ಬೇಕೆಂದು ಹೇಳಬೇಕು, ಇಲ್ಲವಾದರೆ ಒಳಗೆ ಕೂರಿಸಿಬಿಡುತ್ತಾರೆ. 12 ಗಂಟೆಗೆ ಹೋದರೆ ಊಟ ಸಿಗುವುದಿಲ್ಲ. 1ರ ಮೇಲೆ ಶುರು, 2ಕ್ಕೆ ಜನ ತುಂಬುತ್ತಾರೆ, 4ರ ಹೊತ್ತಿಗೆ ಅಡುಗೆಮನೆ ಬಂದ್. ರಾತ್ರಿ ಊಟ 8:30ಕ್ಕೆ ಮುಂಚೆ ಕಷ್ಟ. ಅಲ್ಲದೆ ಸುತ್ತ ಮನೆಗಳ ಕಿಟಕಿಗಳಿರುವುದರಿಂದ ಗಲಾಟೆಯಾಗದಿರಲೆಂದು ರಾತ್ರಿ ಹಿತ್ತಿಲನ್ನು ಬೇಗ ಮುಚ್ಚುವುದುಂಟು. ಮಧ್ಯಾಹ್ನವೇ ವಾಸಿ. ವಾರದ ದಿನಗಳಲ್ಲಿ ‘ಮೆನೂ ದೆಲ್ ದೀಯ’, ಅಂದರೆ ದಿನದ ಊಟ ಇರುತ್ತದೆ: ಒಂದಾದ ಮೇಲೊಂದು ಎರಡು ಬಗೆ, ಸಿಹಿ ಅಥವಾ ಕಾಫಿ, ಬ್ರೆಡ್ಡು, ಕುಡಿಯಲು ಒಂದಿಷ್ಟು, ಎಲ್ಲಕ್ಕೂ ಸೇರಿ ಒಂದೇ ದರ.

ಮೊದಲು ‘ಪಾ ಆಮ್ ತುಮಾಕೆತ್’, ಅಂದರೆ ಟೊಮೆಟೊ ಉಜ್ಜಿದ ಬ್ರೆಡ್ಡು. ಕೆಲವು ಕಡೆ ಸುಟ್ಟ ಬ್ರೆಡ್ಡು, ಬೆಳ್ಳುಳ್ಳಿ, ಟೊಮೆಟೊ, ಆಲಿವ್ ಎಣ್ಣೆಯನ್ನು ಬಿಡಿಬಿಡಿಯಾಗಿ ತಂದಿಡುತ್ತಾರೆ. ಮಾಡಿಕೊಳ್ಳುವುದು ನಿಮ್ಮ ಪಾಲಿನ ಕೆಲಸ. ಬ್ರೆಡ್ಡು ಬಿಸಿಯಿರುವಾಗಲೇ ಬೆಳ್ಳುಳ್ಳಿ ಎಸಳನ್ನು ಒಂದೆರಡು ಸಲ ತೀಡಿ; ಆ ಒರಟು ಮೈ ತುರಿಮಣೆಯಿದ್ದಂತೆ, ಹೆಚ್ಚು ತೀಡಿದರೆ ಘಾಟು. ಟೊಮೆಟೊವನ್ನು ಅಡ್ಡಕ್ಕೆ ಕೊಯ್ದು, ಸಿಪ್ಪೆಯಷ್ಟೇ ಕೈಯಲ್ಲಿ ಉಳಿಯುವವರೆಗೆ ಉಜ್ಜಿ. ಆಮೇಲೆ ಉಪ್ಪು, ಕೊನೆಗೆ ಎಣ್ಣೆ. ಎಣ್ಣೆ ಮೊದಲು ಬಿದ್ದರೆ ಟೊಮೆಟೊ ರಸ ಒಳಗಿಳಿಯದೆ ಜಾರುತ್ತದೆ. ಇದಕ್ಕೆಂದೇ ಸಣ್ಣ ಜಾತಿಯ ಟೊಮೆಟೊವನ್ನು ದಾರಕ್ಕೆ ಪೋಣಿಸಿ ತೂಗುಹಾಕಿ ತಿಂಗಳುಗಟ್ಟಲೆ ಇಡುತ್ತಾರೆ. ಸಲಾಡಿನ ಗಟ್ಟಿ ಟೊಮೆಟೊ ಇಟ್ಟ ಹೋಟೆಲಿನ ಬಗ್ಗೆ ಸ್ವಲ್ಪ ಅನುಮಾನ ಪಡಬಹುದು.

ಸಸ್ಯಾಹಾರಿಗಳಿಗೆ ‘ಎಸ್ಕಲಿವಾದ’ ಇದೆ. ಬದನೆಕಾಯಿ, ಕೆಂಪು ದೊಣ್ಣೆಮೆಣಸಿನಕಾಯಿಗಳನ್ನು ಇಡಿಯಾಗಿ ಸುಟ್ಟು, ಸಿಪ್ಪೆ ಸುಲಿದು, ಉದ್ದಕ್ಕೆ ಸೀಳಿ, ಎಣ್ಣೆ ಉಪ್ಪು ಹಾಕಿದ್ದು. ಸುಟ್ಟ ಬದನೆಕಾಯಿ ಗೊಜ್ಜು ತಿಂದ ನಾಲಿಗೆಗೆ ಈ ಹೊಗೆವಾಸನೆ ಹೊಸದಲ್ಲ, ಖಾರವೊಂದಿಲ್ಲ ಅಷ್ಟೆ. ಆದರೆ ಮೇಲೆ ಉಪ್ಪಿನ ಮೀನು ಹೊದಿಸುವ ರೂಢಿಯುಂಟು; ‘ಸೆನ್ಸ ಅನ್ಷೋವಸ್’, ಅಂದರೆ ಮೀನು ಬೇಡ ಎಂದು ಮೊದಲೇ ಹೇಳಿ. ಪಾಲಕ್, ಒಣದ್ರಾಕ್ಷಿ, ಪೈನ್ ಬೀಜದ ಪಲ್ಯವೂ ನಿರಪಾಯವೆನಿಸುತ್ತದೆ, ಕೆಲವರು ಅದಕ್ಕೆ ಹಂದಿಮಾಂಸದ ಚೂರು ಸೇರಿಸುತ್ತಾರೆ. ಕೇಳಿಯೇ ತಿನ್ನಬೇಕು.

ಸಿಹಿಗೆ ‘ಕ್ರೇಮ ಕತಲಾನ’: ಹಾಲು, ಮೊಟ್ಟೆಯ ಹಳದಿ, ನಿಂಬೆಸಿಪ್ಪೆ, ದಾಲ್ಚಿನ್ನಿ. ಮೇಲಿನ ಸಕ್ಕರೆಯನ್ನು ಬಡಿಸುವ ಹೊತ್ತಿಗೇ ಸುಡಬೇಕು; ಮೊದಲೇ ಸುಟ್ಟು ಫ್ರಿಜ್ಜಿನಲ್ಲಿಟ್ಟರೆ ತೇವ ಹೀರಿ ಪಾಕವಾಗುತ್ತದೆ. ಚಮಚ ತಾಗಿದಾಗ ಟಕ್ ಎನ್ನದಿದ್ದರೆ ಅದೇ ಕಾರಣ. ಮೊಟ್ಟೆ ಬೇಡವಾದವರಿಗೆ ಉಪ್ಪಿಲ್ಲದ ತಾಜಾ ಚೀಸಿನ ಮೇಲೆ ಜೇನು ಸುರಿದ ‘ಮೆಲ್ ಇ ಮತೋ’.

ಬಿಲ್ಲು ತಾನಾಗಿ ಬರುವುದಿಲ್ಲ. ಊಟವಾದ ಮೇಲೂ ಸ್ವಲ್ಪ ಹೊತ್ತು ಕೂತರೆ ಸಾಮಾನ್ಯವಾಗಿ ಏಳಿಸುವುದಿಲ್ಲ; ‘ಎಲ್ ಕೊಮ್ತ, ಸಿಸ್ ಪ್ಲೌ’ ಎಂದು ಕೇಳಿದಾಗಲೇ ತರುತ್ತಾರೆ.