ಶೋ ಎಷ್ಟು ಗಂಟೆಗೆ?

ಡಿಸೆಂಬರ್ ಅರ್ಧ ಕಳೆದರೆ ಸಾಕು, ಜ್ಯೂರಿಕ್, ಬಾಸೆಲ್ ಕಡೆಯ ಕನ್ನಡದವರಿಂದ ಇದೊಂದೇ ಪ್ರಶ್ನೆ. ಊರಿಂದ ಬಂದ ಅಪ್ಪ-ಅಮ್ಮನಿಗೆ ತೋರಿಸಬೇಕಂತೆ: "ಉರ್ನೇಶ್‌ನಲ್ಲಿ ಹಿಮದಲ್ಲಿ ಗಂಟೆ ಕಟ್ಟಿಕೊಂಡು ಕುಣೀತಾರಲ್ಲ, ಆ ಶೋ ಎಷ್ಟು ಗಂಟೆಗೆ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಶೋ ಅಂತ ಏನೂ ಇಲ್ಲ. ಅಲ್ಲಿನ ಆಡುಮಾತಿನಲ್ಲಿ 'ಶ್ಯೋ' ಅಂದರೆ ಚೆಂದ. ಇರುವುದು ಆ ಶೋ ಒಂದೇ, ಅದರ ಮಾತು ಆಮೇಲೆ.

ಪೂರ್ವ ಸ್ವಿಟ್ಜರ್ಲೆಂಡಿನ ಸೆಂಟಿಸ್ ಬೆಟ್ಟದ ಬುಡದಲ್ಲಿ ಆಪೆಂಜೆಲ್ ಆಸರ್‌ರೋಡನ್ ಅಂತ ಒಂದು ಪುಟ್ಟ ಕ್ಯಾಂಟನ್, ಅಂದರೆ ನಮ್ಮ ರಾಜ್ಯದ ಹಾಗೆ. ಅಲ್ಲಿ ಉರ್ನೇಶ್, ಹುಂಡ್‌ವಿಲ್, ವಾಲ್ಡ್‌ಸ್ಟಾಟ್ ಕಡೆ ವರ್ಷದ ಕೊನೆಯ ದಿನ ಗಂಡಸರು ವೇಷ ಕಟ್ಟಿ, ಮನೆಮನೆಗೆ ಹೋಗಿ ಹೊಸ ವರ್ಷದ ಶುಭ ಕೋರುತ್ತಾರೆ. ಇವರೇ ಸಿಲ್ವೆಸ್ಟರ್ ಕ್ಲೌಸ್‌ಗಳು. ಒಂದು ತಂಡಕ್ಕೆ 'ಶುಪ್ಪೆಲ್' ಅನ್ನುತ್ತಾರೆ, ಸಾಮಾನ್ಯವಾಗಿ ಆರು ಜನ. ಬರುವುದು ಆ ಮನೆಯವರಿಗಾಗಿ. ಬೇಲಿಯಾಚೆ ಫೋನ್ ಎತ್ತಿ ಹಿಡಿದು ನಿಂತವರಿಗಾಗಿ ಅಲ್ಲ. "ಹ್ಯಾಲೋವೀನ್ ಥರಾನಾ?" ಅಂತಲೂ ಕೇಳುತ್ತಾರೆ. ಅಂಕೋಲಾ ಕಡೆಯ ಸುಗ್ಗಿ ಕುಣಿತದ ಥರಾನಾ ಅಂದಿದ್ದರೆ ಒಪ್ಪುತ್ತಿದ್ದೆ. ತಲೆ ಮೇಲಿನ ಅಲಂಕಾರ, ಮನೆಯಂಗಳಕ್ಕೆ ಬರುವ ಗುಂಪು, ಎರಡೂ ಸುಗ್ಗಿಯಲ್ಲೂ ಇವೆ.

ಗಂಟೆ ಬಿಡಿ, ಮೊದಲು ತಾರೀಖು ಸರಿಯಾಗಿ ಹಿಡಿಯಿರಿ. ದಿನ ಎರಡು: ಡಿಸೆಂಬರ್ 31 ಮತ್ತು ಜನವರಿ 13. ಪೋಪ್ 13ನೇ ಗ್ರೆಗರಿ 1582ರಲ್ಲಿ ಕ್ಯಾಲೆಂಡರ್ ತಿದ್ದಿದರು. 1597ರಲ್ಲಿ ಆಪೆಂಜೆಲ್ ನಾಡು ಧರ್ಮದ ಜಗಳಕ್ಕೆ ಇಬ್ಭಾಗವಾಯಿತು. ಕ್ಯಾಥೊಲಿಕ್ಕರ ಇನ್ನರ್‌ರೋಡನ್ ಹೊಸ ಲೆಕ್ಕಕ್ಕೆ ಹೋಯಿತು, ಪ್ರಾಟೆಸ್ಟೆಂಟರ ಆಸರ್‌ರೋಡನ್ ಪೋಪರ ಲೆಕ್ಕ ನಮಗ್ಯಾಕೆ ಅಂತ ಹಳೆಯದನ್ನೇ ಹಿಡಿದು ಕೂತಿತು. 18ನೇ ಶತಮಾನದ ಕೊನೆಗೆ ಸರ್ಕಾರಿ ಲೆಕ್ಕ ಬದಲಾದರೂ ಹಬ್ಬ ಹಳೆಯದನ್ನು ಬಿಡಲಿಲ್ಲ. ಹಳೆ ಲೆಕ್ಕದ ಡಿಸೆಂಬರ್ 31 ಈಗಿನ ಜನವರಿ 13. ಇನ್ನೊಂದು ವಿಷಯ: ಆ ದಿನ ಭಾನುವಾರ ಬಿದ್ದರೆ ಹಿಂದಿನ ಶನಿವಾರವೇ ಮುಗಿಸಿಬಿಡುತ್ತಾರೆ. 2023ರ ಡಿಸೆಂಬರ್ 31 ಭಾನುವಾರ. ಅವತ್ತು ಹೋದವರಿಗೆ ಸಿಕ್ಕಿದ್ದು ಖಾಲಿ ರಸ್ತೆ. 2030ರ ಜನವರಿ 13 ಕೂಡ ಭಾನುವಾರವೇ, ಈಗಲೇ ಬರೆದಿಟ್ಟುಕೊಳ್ಳಿ.

ಇನ್ನು ಗಂಟೆ. ಶುಪ್ಪೆಲ್‌ನ ಮುಂದೊಬ್ಬ, ಹಿಂದೊಬ್ಬ 'ರೋಲಿ', ನಡುವೆ ನಾಲ್ವರು 'ಶೆಲ್ಲಿ'. ರೋಲಿ ಹೆಣ್ಣುವೇಷ, ಎತ್ತಿನ ಗೆಜ್ಜೆಸರದಲ್ಲಿರುವಂಥ, ಆದರೆ ಅದಕ್ಕಿಂತ ಎಷ್ಟೋ ದಪ್ಪನೆಯ ಗುಂಡು ಗೆಜ್ಜೆಗಳನ್ನು ಪಟ್ಟಿಗೆ ಹಾಕಿ ಮೈಗೆ ಬಿಗಿದಿರುತ್ತಾನೆ. ಶೆಲ್ಲಿಗೆ ಎದೆ ಮೇಲೊಂದು, ಬೆನ್ನ ಮೇಲೊಂದು ದೊಡ್ಡ ಗಂಟೆ. ಅಚ್ಚಿಗೆ ಎರಕ ಹೊಯ್ದದ್ದಲ್ಲ, ತಗಡು ಬಡಿದು ಮಾಡಿದ್ದು. ಹಿಂದೆ-ಮುಂದೆ ಎರಡಿರುವುದು ತೂಕಕ್ಕೆ: ಎದೆ ಮೇಲೆ ಮಾತ್ರ ತೂಗಿದರೆ ಇಳಿಜಾರಿನ ಹಿಮದಲ್ಲಿ ಮುಗ್ಗರಿಸಿ ಬೀಳುತ್ತಾನೆ. ಪಟ್ಟಿ ಸಡಿಲವಾದರೂ ಕಷ್ಟ, ಹೆಜ್ಜೆಹೆಜ್ಜೆಗೂ ಗಂಟೆ ಮೈಗೆ ಬಡಿಯುತ್ತದೆ, ನಾದವೂ ಸತ್ತುಹೋಗುತ್ತದೆ. ಕೈಯಿಂದ ಅಲ್ಲಾಡಿಸುವಂತಿಲ್ಲ, ರೋಲಿ ಚಿಕ್ಕ ಹೆಜ್ಜೆಯಲ್ಲಿ ಜಿಗಿದು, ಶೆಲ್ಲಿ ಇಡೀ ಮೈ ತೂಗಿ ನುಡಿಸಬೇಕು. ನಾಲ್ವರು ಶೆಲ್ಲಿಗಳು, ತಲಾ ಎರಡು. ಎಷ್ಟು ಗಂಟೆ ಅಂದಿರಲ್ಲ, ಎಂಟು ಗಂಟೆ. ಹಾಗಂತ ಬೆಳಿಗ್ಗೆ ಎಂಟಕ್ಕೆ ಬರಬೇಡಿ, ಅವರು ಐದೂವರೆ-ಆರಕ್ಕೆಲ್ಲ ಕತ್ತಲಲ್ಲೇ ಹೊರಟಿರುತ್ತಾರೆ.

ವೇಷ ಮೂರು ಬಗೆ. 'ಶ್ಯೋ', ಅಂದರೆ ಚೆಂದದವರು: ಮಖಮಲ್ಲಿನ ಬಟ್ಟೆ, ಬೊಂಬೆಯಂಥ ಮುಖವಾಡ. ರೋಲಿ ತಲೆ ಮೇಲೆ ಮಣಿ ಪೋಣಿಸಿದ ದುಂಡು ತಲೆಯುಡುಗೆ, ಶೆಲ್ಲಿಗೆ ಚಪ್ಪಟೆ ಟೋಪಿ. ಟೋಪಿ ಮೇಲೆ ಮರದಲ್ಲಿ ಕೆತ್ತಿದ ಪುಟಾಣಿ ಲೋಕವೇ ಇರುತ್ತದೆ: ಚೀಸ್ ಕಡಾಯಿ, ಹಸುಗಳ ಸಾಲು, ಸೌದೆ ಕೊಯ್ಯುವವರು. ಇದನ್ನು ಅಂಗಡಿಯಿಂದ ತರುವುದಿಲ್ಲ, ನೂರಾರು ಗಂಟೆ ಕೂತು ತಾವೇ ಮಾಡುತ್ತಾರೆ. ಎರಡನೆಯವರು 'ವುಯೆಶ್ಟ್', ಕುರೂಪದವರು: ಒಣಹುಲ್ಲು, ದೇವದಾರಿನ ಕೊಂಬೆ, ಹಲ್ಲು ಕೊಂಬು ಮೆತ್ತಿದ ಭಯಂಕರ ಮುಖ. ಮೂರನೆಯವರು 'ಶ್ಯೋ-ವುಯೆಶ್ಟ್': ಕಾಡಿನ ಸಾಮಾನೇ, ಆದರೆ ಪಾಚಿ, ತೊಗಟೆ, ಬಸವನಹುಳದ ಚಿಪ್ಪುಗಳನ್ನು ಕುಸುರಿ ಕೆಲಸದ ಹಾಗೆ ಜೋಡಿಸಿರುತ್ತಾರೆ. ಸೊಪ್ಪು ತುಂಬ ಮೊದಲೇ ಕಡಿದು ಬೆಚ್ಚಗಿನ ಕೋಣೆಯಲ್ಲಿಟ್ಟರೆ ಸೂಜಿ ಎಲೆಗಳೆಲ್ಲ ಉದುರಿ ಬರೀ ಕಡ್ಡಿ ಉಳಿಯುತ್ತದೆ. ನನ್ನ ಮಟ್ಟಿಗೆ ಕೈಚಳಕ ಈ ಮೂರನೆಯವರದ್ದೇ, ಆದರೆ ಫೋಟೋ ಎಲ್ಲ ಮೊದಲನೆಯವರದ್ದು.

ಇಷ್ಟೆಲ್ಲ ಕೇಳಿದ ಮೇಲೂ ಯಾರೂ ಕೇಳದ ಪ್ರಶ್ನೆ ಒಂದಿದೆ: ಬಾಗಿಲಲ್ಲಿ ನಿಂತ ಮನೆಯವರು ಏನು ಮಾಡುತ್ತಾರೆ? ಇಡೀ ಹಬ್ಬ ನಡೆಯುವುದೇ ಅಲ್ಲಿ.

ಅಲ್ಲಿ ಮನೆಗಳು ಸಾಲಾಗಿಲ್ಲ, ಗುಡ್ಡದ ಮೇಲೊಂದು, ಇಳಿಜಾರಿನಲ್ಲೊಂದು. ಹಾಗಾಗಿ ಮನೆಯವರ ಮೊದಲ ಕೆಲಸ ಸನಿಕೆ ಹಿಡಿದು ದಾರಿ ಬಿಡಿಸುವುದು, ಬಾಗಿಲ ಮುಂದೆ ಆರು ಜನ ವೃತ್ತವಾಗಿ ನಿಲ್ಲುವಷ್ಟು ಹಿಮ ಎತ್ತುವುದು. ವೇಷದ ತೂಕ 30 ಕಿಲೋವರೆಗೂ ಹೋಗುತ್ತದೆ, ಮಂಜುಗಟ್ಟಿದ ನೆಲದ ಮೇಲೆ ಅದನ್ನು ಹೊತ್ತು ಕುಣಿಯಬೇಕು. ಗಂಟೆ ಸದ್ದು ಹತ್ತಿರವಾದಾಗ ಮನೆಮಂದಿಯೆಲ್ಲ ಹೊಸ್ತಿಲಿಗೆ ಬರುತ್ತಾರೆ. ಶುಪ್ಪೆಲ್ ಸುತ್ತು ಕಟ್ಟಿ ನುಡಿಸುತ್ತದೆ, ತಟ್ಟನೆ ನಿಲ್ಲುತ್ತದೆ. ಕೊನೆಯ ಗಂಟೆಯ ಸದ್ದು ಅಡಗಿದ ಮೇಲೆ ಒಬ್ಬನೇ ಸ್ವರ ಎತ್ತುತ್ತಾನೆ. ಇದು 'ತ್ಸೊಯೆರ್ಲಿ', ಮಾತಿಲ್ಲದ ಯೋಡೆಲ್ (ದನಿಯನ್ನು ಕೆಳಗಿಂದ ಮೇಲಕ್ಕೆ ಹಾರಿಸುತ್ತ ಹಾಡುವ ಆಲ್ಪ್ಸ್ ಕಡೆಯ ಹಾಡು), ಬರೀ ಸ್ವರ. ಇನ್ನೊಬ್ಬ ಅದರ ಮೇಲೆ ಸೇರುತ್ತಾನೆ, ಉಳಿದವರು ಕೆಳಗೆ ಶ್ರುತಿಯಂತೆ ಎಳೆದು ಹಿಡಿಯುತ್ತಾರೆ. ಆ ಹಿಡಿಯುವುದಕ್ಕೆ ಅವರ ಮಾತು 'ಗ್ರಾಡ್‌ಹೆಬೆ', ನೆಟ್ಟಗೆ ಹಿಡಿ ಅಂತ. ತೀರಾ ನಿಧಾನ. ಮುಗಿಯಿತೆಂದು ಚಪ್ಪಾಳೆ ತಟ್ಟಬೇಡಿ. ಮತ್ತೆ ಗಂಟೆ, ಮತ್ತೆ ಹಾಡು ಇರುತ್ತದೆ.

ಆಮೇಲೆ ಒಬ್ಬೊಬ್ಬ ಕ್ಲೌಸ್ ಮನೆಯ ಒಬ್ಬೊಬ್ಬರಿಗೂ ಕೈ ಕೊಟ್ಟು ಶುಭ ಕೋರುತ್ತಾನೆ, ಮಗುವಿಗೂ ಸಹ. ಮನೆಯವರು ಸ್ವಲ್ಪ ದುಡ್ಡು ಕೊಡುತ್ತಾರೆ, ವೈನ್ ಹಿಡಿಯುತ್ತಾರೆ, ಜೊತೆಗೊಂದು ಸ್ಟ್ರಾ. ಮುಖವಾಡ ತೆಗೆಯುವ ಹಾಗಿಲ್ಲ, ಸ್ಟ್ರಾ ಇಲ್ಲದಿದ್ದರೆ ವೈನೆಲ್ಲ ಬಣ್ಣದ ಗಲ್ಲದ ಮೇಲೆ. ಒಳಗಿರುವವನು ಪಕ್ಕದ ಮನೆಯವನೇ ಇರಬಹುದು. ಧ್ವನಿ ಗುರುತು ಸಿಕ್ಕರೂ ಹೆಸರು ಹಿಡಿದು ಕರೆಯುವುದು ಸೊಗಸಲ್ಲ.

ಈ ಸದ್ದಿನ ಬಗ್ಗೆ 1663ರಲ್ಲೇ ಚರ್ಚಿನವರು ದೂರಿದ್ದಾರೆ. ಅವರೂ ಶೋ ಅನ್ನಲಿಲ್ಲ, ಗಲಾಟೆ ಅಂದರು. ಅದೇ ವಾಸಿ.

ಸರಿ, ಹೋಗಲೇಬೇಕು ಅಂದರೆ ಕಾರು ಬೇಡ. ತೋಟದ ಮನೆಗಳ ದಾರಿ ಒಂದು ಗಾಡಿಯಗಲ. ಹೆರಿಸಾವ್‌ನಿಂದ ಆಪೆಂಜೆಲ್ ಕಡೆಯ ಸಣ್ಣ ರೈಲು ಹತ್ತಿ ಉರ್ನೇಶ್‌ನಲ್ಲಿ ಇಳಿಯಿರಿ, ಜಾರದ ಬೂಟು ಹಾಕಿಕೊಳ್ಳಿ, ಸದ್ದು ಬಂದ ಕಡೆ ನಡೆಯಿರಿ. ಮನೆಯವರಿಗೂ ಹಾಡುವವರಿಗೂ ನಡುವೆ ಮಾತ್ರ ನಿಲ್ಲಬೇಡಿ. ಬೆಳಗಿನ ಚಳಿ ಅಪ್ಪ-ಅಮ್ಮನಿಗೆ ಆಗದಿದ್ದರೆ ಸಂಜೆ ಊರೊಳಗಿನ ಹೋಟೆಲಲ್ಲಿ ಕೂತು ಸೂಪ್ ಹೇಳಿ. ಶುಪ್ಪೆಲ್‌ಗಳು ಅಲ್ಲಿಗೂ ಬರುತ್ತವೆ.