ನಲ್ಲಿಗೂ ನೀರಿಗೂ ನಡುವಿನ ಗಾಳಿ

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಗೆ ಎರಡು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಬಂದ ತಕ್ಷಣ ನಲ್ಲಿಗೆ ರಬ್ಬರ್ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಡ್ರಮ್ಮಿನ ತಳದವರೆಗೆ ಇಳಿಬಿಟ್ಟು, ನಾನು ಒಳಗೆ ಅಡುಗೆ ಕೆಲಸ ನೋಡುತ್ತಿದ್ದೆ. ಒಂದು ದಿನ ಹೊರಗೆ ಬಂದರೆ ತುಂಬಿದ್ದ ಡ್ರಮ್ ಅರ್ಧ ಖಾಲಿ! ಬಂದ ದಾರಿಯಲ್ಲೇ ನೀರು ವಾಪಸ್ ಹೋಗಿತ್ತು. ಸಪ್ಲೈ ನಿಂತಾಗ ಬೀದಿ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ತಗ್ಗಿನ ಮನೆಯವರು ನಲ್ಲಿ ತೆರೆದಿದ್ದರೆ ನಮ್ಮ ಡ್ರಮ್ಮಿನ ನೀರು ಅತ್ತ ಹರಿಯುತ್ತದೆ. ಹೋದ ನೀರಿಗಾಗಿ ನನಗೆ ಬೇಜಾರಿಲ್ಲ. ಆದರೆ ಅದು ಬಟ್ಟೆ ನೆನೆಸಿದ ನೀರಾಗಿದ್ದರೆ? ಕೆಳಗಿನ ಮನೆಯ ಮಕ್ಕಳು ಅದನ್ನೇ ಕುಡಿಯುತ್ತಿದ್ದರು, ಅಲ್ವಾ.

ಇದಕ್ಕೆ ಪ್ಲಂಬರ್‌ಗಳ ಮದ್ದು ಏರ್ ಗ್ಯಾಪ್. ನಲ್ಲಿಯ ಬಾಯಿ ಪಾತ್ರೆಯ ಅಂಚಿಗಿಂತ ಮೇಲಿರಬೇಕು, ಬಾಯಿಯ ಅಗಲದ ಎರಡರಷ್ಟಾದರೂ, ಒಂದು ಇಂಚಿಗೆ ಕಡಿಮೆ ಇಲ್ಲದಂತೆ. ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಹಾಕಿದರೆ ಅದರ ರಬ್ಬರ್ ಒಂದಲ್ಲ ಒಂದು ದಿನ ಸವೆಯುತ್ತದೆ. ಗಾಳಿಯಲ್ಲಿ ಸವೆಯುವಂಥದ್ದು ಏನಿದೆ? ನಾವೇ ನಡುವೆ ಏನಾದರೂ ತೂರಿಸಿದರೆ ಮಾತ್ರ ಅದು ಕೆಡುತ್ತದೆ. ನಾನು ಮಾಡಿದ್ದು ಅದನ್ನೇ. ಈಗ ಡ್ರಮ್ಮಿನ ಮೇಲೆ ಗೋಡೆಗೆ ಮೊಳೆ ಹೊಡೆದು ಪೈಪ್ ಕಟ್ಟಿದ್ದೇನೆ. ನೀರು ಬೀಳುವ ಸದ್ದು ಅಡುಗೆಮನೆಗೂ ಕೇಳುತ್ತದೆ.

ಕಂಪ್ಯೂಟರಿನವರೂ ಇದೇ ಹೆಸರು ಇಟ್ಟುಕೊಂಡಿದ್ದಾರೆ. ಇಂಟರ್ನೆಟ್ಟಿಗೆ ವೈರೂ ಇಲ್ಲ, ವೈಫೈಯೂ ಇಲ್ಲ ಅಂದರೆ ಆ ಯಂತ್ರಕ್ಕೆ ಏರ್ ಗ್ಯಾಪ್ ಇದೆ ಅಂತ. ಅಲ್ಲೂ ಅದೇ ಕಥೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್, ಇರಾನಿನ ನಟಾಂಜ್ ಯುರೇನಿಯಂ ಘಟಕಕ್ಕೆ ಗುರಿಯಿಟ್ಟ ವೈರಸ್, ಹರಡುತ್ತಿದ್ದ ಒಂದು ದಾರಿ ಪೆನ್ ಡ್ರೈವ್. ನನ್ನ ರಬ್ಬರ್ ಪೈಪಿನ ಹಾಗೇ.

ನನಗೆ ಜಾಸ್ತಿ ಇಷ್ಟವಾದದ್ದು ಗೋಡೆಯೊಳಗಿನ ಗಾಳಿ. ಅಣ್ಣ ಮನೆ ಕಟ್ಟಿಸುವಾಗ ರ‍್ಯಾಟ್ ಟ್ರ್ಯಾಪ್ ಬಾಂಡ್ ಹಾಕಿಸಿದ, ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯ ಮಾಡಿದ, ಇಟ್ಟಿಗೆ ಜೋಡಿಸುವ ಬಗೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸುತ್ತಾರೆ, ನಡುವೆ ಪೊಳ್ಳು ಉಳಿಯುತ್ತದೆ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ. ಒಳಗೆ ನಿಂತ ಗಾಳಿ ಬಿಸಿಲಿನ ಕಾವನ್ನು ಬೇಗ ದಾಟಿಸುವುದಿಲ್ಲ. ಆದರೆ ಕರಣೆಯಿಂದ ಗಾರೆ ಆ ಪೊಳ್ಳಿಗೆ ಬಿದ್ದು ತುಂಬಿಕೊಂಡರೆ ಕಾವಿಗೆ ದಾರಿ ಸಿಕ್ಕಂತೆ. ಅದಕ್ಕೇ ಮೇಸ್ತ್ರಿ ಪ್ರತಿ ವರಸೆಗೂ ಪೊಳ್ಳಿನ ಮೇಲೆ ಮರದ ಪಟ್ಟಿ ಇಟ್ಟು, ಎರಡೂ ಬದಿಗೆ ಗಾರೆ ಹಾಕಿ, ಆಮೇಲೆ ಮೆಲ್ಲಗೆ ಪಟ್ಟಿ ಎತ್ತುತ್ತಿದ್ದರು. ಒಂದು ಮಧ್ಯಾಹ್ನವೆಲ್ಲ ಅದನ್ನೇ ನೋಡುತ್ತಾ ನಿಂತಿದ್ದೆ.