ಬುಧವಾರದ ರಾತ್ರಿಯ ದನಿ
1952ರಲ್ಲಿ ಕೇಂದ್ರ ವಾರ್ತಾ ಸಚಿವ ಬಿ.ವಿ. ಕೇಸ್ಕರ್ ಅವರ ಧೋರಣೆಯಿಂದಾಗಿ ಆಕಾಶವಾಣಿಯಲ್ಲಿ ಚಿತ್ರಗೀತೆಗಳು ವಿರಳವಾದಾಗ, ಕೇಳುಗರು ಶಾರ್ಟ್‌ವೇವ್‌ನಲ್ಲಿ ಶ್ರೀಲಂಕಾದ ರೇಡಿಯೋ ಸಿಲೋನ್ ಹುಡುಕಿಕೊಂಡರು. ಅಲ್ಲಿ ಅವರಿಗೆ ದೊರೆತ ದನಿ ಇಪ್ಪತ್ತರ ಆಸುಪಾಸಿನ ಅಮೀನ್ ಸಯಾನಿಯವರದು. ಬಿನಾಕಾ ಎಂಬ ಟೂತ್‌ಪೇಸ್ಟ್‌ನ ಹೆಸರು ಹೊತ್ತ, ಬುಧವಾರದ ರಾತ್ರಿಗಳ ಅವರ ಚಿತ್ರಗೀತೆ ಕಾರ್ಯಕ್ರಮ ‘ಗೀತಮಾಲಾ’ ಮುಂಬಯಿಯಲ್ಲಿ ಧ್ವನಿಮುದ್ರಣಗೊಂಡು, ಕೊಲಂಬೊದಿಂದ ಪ್ರಸಾರವಾಗಿ, ಮತ್ತೆ ಭಾರತದ ಮನೆಗಳಿಗೇ ಮರಳುತ್ತಿತ್ತು. ಸರ್ಕಾರದ ಬಿಗಿಯನ್ನು ಇಷ್ಟು ಸೊಗಸಾಗಿ ಸುತ್ತಿಬಳಸಿದ ಇನ್ನೊಂದು ನಿದರ್ಶನ ನನಗೆ ತಿಳಿದಿಲ್ಲ.

ಸಯಾನಿಯವರ ಅಣ್ಣ ಹಮೀದ್ ಇಂಗ್ಲಿಷ್ ಪ್ರಸಾರಕರಾಗಿದ್ದರು. ತಾಯಿ ಕುಲ್ಸುಮ್ ಅವರು ‘ರಹಬರ್’ ಪತ್ರಿಕೆಯನ್ನು ಹೊಸದಾಗಿ ಅಕ್ಷರ ಕಲಿತವರಿಗಾಗಿ ದೇವನಾಗರಿ, ಉರ್ದು, ಗುಜರಾತಿ ಲಿಪಿಗಳಲ್ಲಿ ಹೊರತರುತ್ತಿದ್ದರು. ಸಯಾನಿಯವರ ಸರಳ ಹಿಂದುಸ್ತಾನಿಯ ಬೇರು ಆ ಪತ್ರಿಕೆಯಲ್ಲಿಯೇ ಇತ್ತೆಂದು ನಾನು ಭಾವಿಸುತ್ತೇನೆ. ಅವರು ‘ಸಹೋದರಿಯರೇ’ ಎಂದು ಮೊದಲು ಕರೆದು, ಬಳಿಕವಷ್ಟೇ ಸಹೋದರರನ್ನು ನೆನೆಯುತ್ತಿದ್ದರು. ಭಾಷಣವೆಂದರೆ ಗಂಡಸರ ಸಭೆಯೆಂದು ನಂಬಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯೇನಲ್ಲ.

1957ರಲ್ಲಿ ಚಿತ್ರಗೀತೆಗಳಿಗೂ ಜಾಗ ಕೊಟ್ಟ ಆಕಾಶವಾಣಿಯ ವಿವಿಧ ಭಾರತಿ ಆರಂಭವಾದರೂ ಗೀತಮಾಲಾ ದಶಕಗಳ ಕಾಲ ಸಿಲೋನಿನಲ್ಲಿಯೇ ಉಳಿಯಿತು. 2009ರಲ್ಲಿ ಪದ್ಮಶ್ರೀ ಪಡೆದ ಸಯಾನಿ, 2024ರ ಫೆಬ್ರುವರಿಯಲ್ಲಿ ತೊಂಬತ್ತೊಂದನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.